ಕಸಿ ಎಂದರೆ ಸಾಲದು, ಯಾವ ಕಸಿ ಎಂದೂ ಬರೆಯಿರಿ

ಮಾನ್ಯ ಸಂಪಾದಕರೇ,

ಒಂದೇ ದಿನದ ಪತ್ರಿಕೆಯಲ್ಲಿ ಮುಖಪುಟಕ್ಕೆ ‘ಮೂತ್ರಪಿಂಡ ಕಸಿ ಯಶಸ್ವಿ’, ಜಿಲ್ಲಾ ಪುಟಕ್ಕೆ ‘ಗೇರು ಕಸಿ ಗಿಡ ವಿತರಣೆ’, ಕೃಷಿ ಪುರವಣಿಗೆ ‘ಬೇಗ ಫಲ ಕೊಡುವ ಕಸಿ ತೆಂಗು’ ಎಂಬ ಸುದ್ದಿಗಳು ಬರುವುದುಂಟು. ಪದ ಒಂದೇ. ಆದರೆ ಮೊದಲಿನ ಎರಡು ಕೆಲಸಗಳಿಗೆ ಹೋಲಿಕೆ ಅರ್ಧ ಮಾತ್ರ. ಮೂರನೆಯದು ಕಸಿಯೇ ಅಲ್ಲ. ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ಒಬ್ಬರು ಸುಟ್ಟಗಾಯದ ವಾರ್ಡಿನಲ್ಲಿ ಚರ್ಮ ಕಸಿ ಮಾಡುವವರು, ಇನ್ನೊಬ್ಬರು ಹಣ್ಣಿನ ಗಿಡಗಳಿಗೆ ಕಸಿ ಕಟ್ಟುವವರು. ಇಬ್ಬರ ಕಡೆಯೂ ಒಂದೇ ತೊಡಕು. ಜನ ಈ ಪದವನ್ನು ತಮಗೆ ಗೊತ್ತಿರುವ ಕಸಿಯ ಅರ್ಥದಲ್ಲಿ ಹಿಡಿದುಕೊಂಡು ಬರುತ್ತಾರೆ. ಮಗಳು ಸುಟ್ಟುಕೊಂಡಾಗ ತಾಯಿ ‘ನನ್ನ ತೊಡೆಯ ಚರ್ಮ ತೆಗೆದು ಹಾಕಿ, ಹತ್ತಿಕೊಳ್ಳುತ್ತೆ’ ಎನ್ನುತ್ತಾರೆ. ತೋಟದವರು ‘ಕಸಿ ಅಡಿಕೆ ಸಸಿ ಇದೆಯಾ’ ಎಂದು ಕೇಳುತ್ತಾರೆ. ಎರಡೂ ಆಗದ ಮಾತು. ಏಕೆ ಆಗದು ಎಂಬುದನ್ನು ಬಿಡಿಸಿ ಹೇಳಬೇಕಾದ ಜಾಗ ಪತ್ರಿಕೆಯೇ ಎಂಬ ನಂಬಿಕೆಯಿಂದ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇವೆ.

ಇಂಗ್ಲಿಷಿನಲ್ಲಿ ಗ್ರಾಫ್ಟ್ ಬೇರೆ, ಟ್ರಾನ್ಸ್‌ಪ್ಲಾಂಟ್ ಬೇರೆ. ಗಿಡದ ಕೊಂಬೆ ಕೂಡಿಸುವುದಕ್ಕೂ ಚರ್ಮದ ತೆಳು ಪದರ ಹಾಕುವುದಕ್ಕೂ ಮೊದಲನೆಯ ಪದ. ಇಡೀ ಅಂಗವನ್ನು ರಕ್ತನಾಳ ಸಮೇತ ಒಬ್ಬರಿಂದ ಇನ್ನೊಬ್ಬರಿಗೆ ಜೋಡಿಸುವುದಕ್ಕೆ ಎರಡನೆಯದು. ಭತ್ತದ ಸಸಿ ಕಿತ್ತು ನೆಡುವುದಕ್ಕೂ ಅವರಲ್ಲಿ ಆ ಎರಡನೆಯ ಪದವೇ; ನಾವು ಅದಕ್ಕೆ ನಾಟಿ ಎನ್ನುತ್ತೇವೆ. ಕನ್ನಡದಲ್ಲಿ ಗಿಡಕ್ಕೂ ಚರ್ಮಕ್ಕೂ ಅಂಗಕ್ಕೂ ‘ಕಸಿ’ ಎಂದೇ ನಿಂತಿದೆ. ಪದ ಚೆನ್ನಾಗಿದೆ, ಚಿಕ್ಕದಾಗಿದೆ, ಬದಲಿಸುವ ಅಗತ್ಯವಿಲ್ಲ. ಅದರ ಜೊತೆಗೆ ಇನ್ನೆರಡು ಮಾತು ಸೇರಿಸುವ ಅಗತ್ಯ ಮಾತ್ರ ಇದೆ.

‘ಕಣ್ಣು ಕಸಿ’ಯನ್ನೇ ನೋಡಿ. ನರ್ಸರಿಯಲ್ಲಿ ಕಣ್ಣು ಎಂದರೆ ಎಲೆಯ ಬುಡದಲ್ಲಿ ಕೂತ ಮೊಗ್ಗು. ಗುಲಾಬಿ, ನಿಂಬೆ ಜಾತಿಯ ಗಿಡಗಳಲ್ಲಿ ಆ ಒಂದು ಮೊಗ್ಗನ್ನು ಗುರಾಣಿಯಾಕಾರದ ಸಿಪ್ಪೆಯ ಜೊತೆ ಎಬ್ಬಿಸಿ, ಬೇರುಸಸಿಯ, ಅಂದರೆ ಬೇರು ಒದಗಿಸುವ ಕೆಳಗಿನ ಗಿಡದ, ತೊಗಟೆಯನ್ನು ಟಿ ಅಕ್ಷರದಂತೆ ಸೀಳಿ, ಒಳಗೆ ಜಾರಿಸಿ, ಮೊಗ್ಗಿನ ತುದಿ ಮಾತ್ರ ಹೊರಗೆ ಕಾಣುವಂತೆ ಪಟ್ಟಿ ಸುತ್ತುತ್ತಾರೆ. ಆಸ್ಪತ್ರೆಯ ಕಣ್ಣಿನ ಕಸಿಯಲ್ಲಿ ಇಡೀ ಕಣ್ಣುಗುಡ್ಡೆ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ. ಹೋಗುವುದು ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಅವರ ಎರಡು ಕಾರ್ನಿಯಾಗಳನ್ನು ಮುಂಪದರ, ಹಿಂಪದರ ಎಂದು ಬಿಡಿಸಿ ನಾಲ್ವರಿಗೆ ಹಾಕಿದರು. ‘ಎರಡು ಕಣ್ಣು ನಾಲ್ವರಿಗೆ ಹೇಗೆ’ ಎಂದು ಅಂದು ಕೇಳಿದವರು ಬಹಳ ಜನ. ಕಣ್ಣಿನ ಕಸಿ ಎಂದರೆ ಒಂದು ಪದರದ ಕಸಿ ಎಂದು ಮೊದಲೇ ಗೊತ್ತಿದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ. ಮೃತರ ಮುಖ ವಿಕಾರವಾಗುತ್ತದೆ ಎಂಬ ಅಂಜಿಕೆಯೂ ಅಷ್ಟು ಬಲವಾಗಿ ಇರುತ್ತಿರಲಿಲ್ಲ.

ಗಿಡದ, ಚರ್ಮದ ಯಾವ ಕಸಿಯ ಬಗ್ಗೆಯಾದರೂ ಕೇಳಬೇಕಾದ ಮೊದಲ ಪ್ರಶ್ನೆ ಒಂದಿದೆ. ಕೂಡಿಕೊಳ್ಳುವ ತನಕ ಆ ತುಂಡಿಗೆ ಊಟ ಎಲ್ಲಿಂದ? ಇದಕ್ಕೆ ಎರಡೇ ಉತ್ತರ. ಒಂದೋ ಅದು ಇನ್ನೂ ತಾಯಿಗೆ, ಅಂದರೆ ತಾನು ಹುಟ್ಟಿದ ಗಿಡಕ್ಕೋ ದೇಹಕ್ಕೋ, ಅಂಟಿಕೊಂಡೇ ಇರುತ್ತದೆ, ಇಲ್ಲವೇ ಪೂರ್ತಿ ಬಿಡಿಸಿಕೊಂಡು ಬಂದು ತನ್ನೊಳಗಿರುವಷ್ಟರಲ್ಲಿ ಕೆಲವು ದಿನ ತಡೆದುಕೊಳ್ಳುತ್ತದೆ.

ತಾಯಿಗೆ ಅಂಟಿಕೊಂಡೇ ಇರುವ ಕಸಿ ಮಾವಿನಲ್ಲಿ ಹಳೆಯದು. ಇದಕ್ಕೆ ಸಾಮೀಪ್ಯ ಕಸಿ ಎನ್ನುತ್ತಾರೆ. ಕುಂಡದಲ್ಲಿ ಬೆಳೆಸಿದ ಸಸಿಯನ್ನು ತಾಯಿಮರದ ಹತ್ತಿರಕ್ಕೆ ಒಯ್ದು, ಅಟ್ಟಣಿಗೆಯ ಮೇಲಿಟ್ಟು, ಸಸಿಯ ಕಾಂಡದಲ್ಲೂ ಅಷ್ಟೇ ದಪ್ಪದ ಕೊಂಬೆಯಲ್ಲೂ ಸುಮಾರು 5 ಸೆಂಟಿಮೀಟರ್ ಉದ್ದಕ್ಕೆ ತೊಗಟೆಯ ಜೊತೆ ಸ್ವಲ್ಪ ಮರವನ್ನೂ ಕೆತ್ತಿ, ಎರಡನ್ನೂ ಎದುರುಬದುರು ಒತ್ತಿ ಕಟ್ಟುತ್ತಾರೆ. ಎರಡು ಮೂರು ತಿಂಗಳಿಗೆ ಕೂಡುತ್ತದೆ. ಆಮೇಲೆ ಕೂಡಿದ ಜಾಗದ ಗಂಟಿನ ಕೆಳಗೆ ತಾಯಿಯ ಕೊಂಬೆಯನ್ನು ಒಮ್ಮೆಗೇ ಕತ್ತರಿಸಬಾರದು. ಮೊದಲು ಅರ್ಧ ಕೊಯ್ದು ಬಿಟ್ಟು, ಬಾಡುವುದಿಲ್ಲ ಎಂದು ನೋಡಿಕೊಂಡು, ಕೆಲವು ದಿನದ ನಂತರ ಪೂರ್ತಿ ಬಿಡಿಸಬೇಕು. ಕೆಲಸ ನಿಧಾನ, ಒಂದು ಮರಕ್ಕೆ ಕೆಲವೇ ಗಿಡ. ಆದರೆ ಸೋಲು ಕಡಿಮೆ.

ಇದೇ ಕೆಲಸವನ್ನು ಮನುಷ್ಯನ ಮುಖದ ಮೇಲೆ ನಮ್ಮ ದೇಶದಲ್ಲಿ ಮಾಡುತ್ತಿದ್ದರು. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬುವನನ್ನು ಟಿಪ್ಪುವಿನ ಸೈನ್ಯ ಸೆರೆಹಿಡಿಯಿತು. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿಯ, ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬ ಶಸ್ತ್ರಗಾರ ಅವನಿಗೆ ಹೊಸ ಮೂಗು ಕೂಡಿಸಿದ. ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅದರ ವಿವರ ಬಂದಿದೆ. ತೆಳು ಮೇಣದ ಹಾಳೆಯಿಂದ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದ. ಗೆರೆಯೊಳಗಿನ ಚರ್ಮವನ್ನು ಬಿಡಿಸಿದ. ಎರಡು ಕಣ್ಣುಗಳ ನಡುವೆ ಮಾತ್ರ ಒಂದು ತೊಟ್ಟು ಉಳಿಸಿಕೊಂಡ. ರಕ್ತ ಬರುವ ದಾರಿ ಅದೇ. ಚರ್ಮವನ್ನು ತಿರುಗಿಸಿ ಮೊಂಡು ಮೂಗಿನ ಸುತ್ತ ಕೊಯ್ದ ಗೀರಿಗೆ ಸೇರಿಸಿ, ಹೊಲಿಗೆಯಿಲ್ಲದೆ, ಕಾಚು ಕಲಸಿ ಸವರಿದ ಬಟ್ಟೆಯ ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದ. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆ ಮುಚ್ಚದಿರಲೆಂದು ಮೆತ್ತನೆಯ ಬಟ್ಟೆಯ ಚೂರು. ಸುಮಾರು 25ನೆಯ ದಿನಕ್ಕೆ ತೊಟ್ಟು ಕತ್ತರಿಸುವುದು. ಆ ವರದಿ ಓದಿದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಕ್ರಮದಲ್ಲಿ ಶಸ್ತ್ರಕ್ರಿಯೆ ಮಾಡಿದರು. ಇಂದಿಗೂ ಹಣೆಯ ಚರ್ಮದಿಂದ ಮೂಗು ಮಾಡಿದಾಗ ಸಾಮಾನ್ಯವಾಗಿ ಮೂರು ವಾರ ಕಾದು ತೊಟ್ಟು ಬಿಡಿಸುತ್ತಾರೆ. ಕೈಯ ಚರ್ಮ ಹೋಗಿ ಎಲುಬು ಕಂಡವರ ಕೈಯನ್ನು ತೊಡೆಸಂದಿಯ ಚರ್ಮಕ್ಕೆ ಹೊಲಿದು ಮೂರು ವಾರ ಹಾಗೇ ಇಡುವುದೂ ಇದೇ ಲೆಕ್ಕ. ವೈದ್ಯರ ಭಾಷೆಯಲ್ಲಿ ಇದಕ್ಕೆ ಫ್ಲ್ಯಾಪ್. ಸುದ್ದಿಯಲ್ಲಿ ಇದೂ ‘ಚರ್ಮ ಕಸಿ’ ಎಂದೇ ಅಚ್ಚಾಗುತ್ತದೆ. ಓದಿದವರು ‘ಕಸಿಗೆ ಐದು ದಿನ ಸಾಕಂತೆ, ನಮ್ಮ ಹುಡುಗನನ್ನು ಮೂರು ವಾರ ಯಾಕೆ ಕಟ್ಟಿಹಾಕಿದ್ದೀರಿ’ ಎಂದು ಜಗಳಕ್ಕೆ ಬರುತ್ತಾರೆ. ‘ತೊಟ್ಟು ಬಿಡಿಸದ ಚರ್ಮ’ ಎಂದು ಬರೆದರೆ ಹಳ್ಳಿಯವರಿಗೂ ತಕ್ಷಣ ಅರ್ಥವಾಗುತ್ತದೆ.

ಪೂರ್ತಿ ಬಿಡಿಸಿ ತಂದು ಕೂಡಿಸುವ ಕಸಿಯಲ್ಲಿ ಗಿಡ ಮತ್ತು ದೇಹ ಎಷ್ಟು ಹತ್ತಿರ ಬರುತ್ತವೆ ಎಂಬುದನ್ನು ತೋರಿಸಲು ಗೇರಿನ ಮೃದುಕಾಂಡ ಕಸಿಯನ್ನೂ (ಎಳೆಯ ಕಾಂಡ ಸೀಳಿ ಕಡ್ಡಿ ಕೂಡಿಸುವುದು) ತೊಡೆಯ ಚರ್ಮದ ಕಸಿಯನ್ನೂ ಪಕ್ಕಪಕ್ಕದಲ್ಲಿಡುತ್ತೇವೆ.

ಗೇರಿಗೆ 45ರಿಂದ 60 ದಿನದ ಬೇರುಸಸಿ ಬೇಕು. ಅದರ ಮೇಲೆ ಕೂಡಿಸುವ ಕಸಿ ಕಡ್ಡಿ ಮೂರರಿಂದ ಐದು ತಿಂಗಳು ಬಲಿತ, ಹೂ ಬಿಡದ, ಪೆನ್ಸಿಲ್ ದಪ್ಪದ, 10ರಿಂದ 15 ಸೆಂಟಿಮೀಟರ್ ಉದ್ದದ ಪಕ್ಕದ ಚಿಗುರಾಗಿರಬೇಕು. ಕಡ್ಡಿ ಕೊಯ್ಯುವ ಏಳೆಂಟು ದಿನ ಮೊದಲು ಮರದ ಮೇಲಿರುವಾಗಲೇ ಅದರ ಎಲೆಗಳನ್ನು ತೊಟ್ಟಿನ ಚೂರು ಉಳಿಸಿ ಕತ್ತರಿಸಬೇಕು. ಆಗ ತೊಟ್ಟಿನ ಸಂದಿಯ ಮೊಗ್ಗು ಉಬ್ಬಿಕೊಳ್ಳುತ್ತದೆ, ತೊಟ್ಟು ತಾನಾಗಿ ಉದುರುತ್ತದೆ. ಈ ಹೆಜ್ಜೆಯನ್ನು ಬಿಟ್ಟು ಅವಸರದಲ್ಲಿ ಕಟ್ಟಿದ ಗಿಡಗಳೇ ಹೆಚ್ಚು ಸಾಯುವುದು. ಬೇರುಸಸಿಯ ಕೆಳಗಿನ ಒಂದು ಜೋಡಿ ಎಲೆ ಉಳಿಸಿಕೊಂಡು, ನೆಲದಿಂದ ಸುಮಾರು 15 ಸೆಂಟಿಮೀಟರ್ ಎತ್ತರದಲ್ಲಿ ತಲೆ ಕತ್ತರಿಸಿ, ನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ ಸೀಳಬೇಕು. ಕಡ್ಡಿಯ ಬುಡವನ್ನು ಅಷ್ಟೇ ಉದ್ದದ ಬೆಣೆಯಾಗಿ, ಎರಡು ಕಡೆಯೂ ಒಂದೊಂದೇ ಏಟಿನಲ್ಲಿ ಕೆತ್ತಬೇಕು. ಕೆತ್ತಿ ಕೆತ್ತಿ ಸರಿಮಾಡಿದರೆ ಮೈ ಅಂಕುಡೊಂಕಾಗಿ ನಡುವೆ ಗಾಳಿ ನಿಲ್ಲುತ್ತದೆ. ಕೊಯ್ದ ಮೈಗೆ ಬೆರಳು ತಾಗಬಾರದು. ತೊಗಟೆಗೂ ಮರಕ್ಕೂ ನಡುವೆ ಬೆರಳಿಗೆ ಜಾರುವ ಒಂದು ತೆಳು ಹಸಿ ಪದರ ಇದೆ, ಅದು ಕ್ಯಾಂಬಿಯಂ. ಕೂಡುವುದು ಅದೇ. ಕಡ್ಡಿ ಸಣ್ಣದಿದ್ದು ಎರಡು ಬದಿಯೂ ಹೊಂದದಿದ್ದರೆ ನಡುವೆ ಇಡದೆ ಒಂದು ಬದಿಗಾದರೂ ಸರಿಯಾಗಿ ಹೊಂದಿಸಬೇಕು. ಒಂದೂವರೆ ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಕಡ್ಡಿಯ ಮೇಲೆ ಒದ್ದೆ ಮಾಡಿದ ಪ್ಲಾಸ್ಟಿಕ್ ಟೊಪ್ಪಿ ಹಾಕಿ, ನೆರಳಿನಲ್ಲಿ ಹತ್ತು ಹದಿನೈದು ದಿನ ಇಡಬೇಕು.

ಚರ್ಮದ ಕಡೆ ಬನ್ನಿ. ತೊಡೆಯಿಂದ ಮೇಲ್ಚರ್ಮವನ್ನೂ ಅದರಡಿಯ ಪದರದ ಒಂದು ಪಾಲನ್ನೂ ಮಾತ್ರ, 0.2ರಿಂದ 0.4 ಮಿಲಿಮೀಟರ್ ದಪ್ಪಕ್ಕೆ, ಉದ್ದ ಅಲಗಿನ ಕತ್ತಿಯಿಂದಲೋ ಡರ್ಮಟೋಮ್ ಯಂತ್ರದಿಂದಲೋ ಸುಲಿಯುತ್ತೇವೆ. ತೆಗೆದದ್ದು ಸರಿಯಾದ ದಪ್ಪಕ್ಕಿದ್ದರೆ ಅದರ ಕೆಳಗಿಟ್ಟ ಅಲಗು ಮಸುಕಾಗಿ ಕಾಣುತ್ತದೆ, ತೊಡೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕೆಗಳು ಒತ್ತೊತ್ತಾಗಿ ಏಳುತ್ತವೆ. ಹಳದಿ ಕೊಬ್ಬು ಕಂಡಿತೆಂದರೆ ಕತ್ತಿ ಆಳಕ್ಕೆ ಹೋಯಿತೆಂದೇ ಅರ್ಥ. ರೋಮದ ಬೇರುಗಳು ಆ ಜಾಗದಲ್ಲೇ ಉಳಿಯುವುದರಿಂದ ತೊಡೆಯಲ್ಲಿ ಹತ್ತರಿಂದ ಹದಿನಾಲ್ಕು ದಿನದಲ್ಲಿ ಹೊಸ ಚರ್ಮ ಬರುತ್ತದೆ. ಬೇರು ಸಮೇತ ಪೂರ್ತಿ ದಪ್ಪದ ಚರ್ಮ ಬೇಕಾದರೆ, ಮುಖಕ್ಕೋ ಬೆರಳಿಗೋ, ಕಿವಿಯ ಹಿಂದಿನಿಂದ ಅಥವಾ ತೊಡೆಸಂದಿಯಿಂದ ಚಿಕ್ಕ ತುಂಡು ತೆಗೆದು ಆ ಜಾಗವನ್ನು ಹೊಲಿಯಬೇಕು. ಅದು ತಾನಾಗಿ ತುಂಬಿಕೊಳ್ಳದು.

ತಂದ ಚರ್ಮ ಮೊದಲ ಒಂದೆರಡು ದಿನ ಗಾಯದಿಂದ ಒಸರುವ ರಸವನ್ನು ಹೀರಿ ಬದುಕುತ್ತದೆ. ಎರಡು ಮೂರನೆಯ ದಿನಕ್ಕೆ ಗಾಯದ ಸೂಕ್ಷ್ಮ ರಕ್ತನಾಳಗಳ ಬಾಯಿ ಚರ್ಮದ ನಾಳಗಳ ಬಾಯಿಗೆ ಕೂಡುತ್ತವೆ. ನಾಲ್ಕರಿಂದ ಏಳನೆಯ ದಿನದೊಳಗೆ ರಕ್ತ ಓಡಾಡಿ ಬಣ್ಣ ಗುಲಾಬಿಗೆ ತಿರುಗುತ್ತದೆ. ಅದಕ್ಕೇ ಮೊದಲ ಕಟ್ಟನ್ನು ಸಾಮಾನ್ಯವಾಗಿ ಐದನೆಯ ದಿನ ಬಿಚ್ಚುವುದು. ಗಿಡದಲ್ಲಿ ಇದೇ ಕಾಲಕ್ಕೆ ಕೊಯ್ದ ಎರಡೂ ಮೈಯಿಂದ ಹಿಟ್ಟಿನಂಥ ಬೆಳ್ಳಗಿನ ಜೀವಕೋಶಗಳು ಉಬ್ಬಿ ಸಂದು ತುಂಬುತ್ತವೆ. ಅದರೊಳಗಿಂದ ಕ್ಯಾಂಬಿಯಂ ಸೇತುವೆ ಕಟ್ಟಿ, ಆಮೇಲೆ ನೀರಿನ ನಾಳ ಬೆಸೆಯುತ್ತದೆ.

ಸೋಲುವ ಕಾರಣಗಳೂ ಅಕ್ಕಪಕ್ಕದವೇ. ಚರ್ಮದ ಕೆಳಗೆ ರಕ್ತವೋ ನೀರೋ ನಿಂತರೆ ತುಂಡು ಗಾಯಕ್ಕೆ ತಾಗದೆ ತೇಲಿ ಸಾಯುತ್ತದೆ. ಅದಕ್ಕಾಗಿ ಚರ್ಮದಲ್ಲಿ ಸಣ್ಣ ತೂತು ಕೊಡುತ್ತೇವೆ, ಇಲ್ಲವೇ ಯಂತ್ರದಲ್ಲಿ ಹಾಯಿಸಿ ಬಲೆಯಂತೆ ಮಾಡುತ್ತೇವೆ. ಬಲೆ ಮಾಡಿದರೆ ಒಂದೂವರೆಯಿಂದ ಮೂರು ಪಟ್ಟು ಜಾಗ ಮುಚ್ಚುತ್ತದೆ ಎಂಬ ಅನುಕೂಲವೂ ಇದೆ. ಗಿಡದಲ್ಲಿ ಟೊಪ್ಪಿಯ ನೀರು ಸೀಳಿಗೆ ಇಳಿದರೆ ಕಪ್ಪಾಗಿ ಕೊಳೆಯುತ್ತದೆ. ಅಲುಗಾಟ ಎರಡಕ್ಕೂ ಶತ್ರು. ಕಾಲಿಗೆ ಚರ್ಮ ಹಾಕಿಸಿಕೊಂಡವರು ‘ಸ್ವಲ್ಪ ಬಚ್ಚಲಿಗೆ ಹೋಗಿ ಬಂದೆ’ ಎಂದರೂ ಸಾಕು, ಕೂದಲೆಳೆಯಷ್ಟು ತೆಳುವಾದ ಹೊಸ ನಾಳಗಳು ಹರಿಯುತ್ತವೆ. ಕಸಿ ಗಿಡದ ಮೇಲೆ ಹಕ್ಕಿ ಕೂತರೂ ಅಷ್ಟೇ. ಸೋಂಕು ಇನ್ನೊಂದು. ಗಾಯದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದ್ದರೆ ಹಾಕಿದ ಚರ್ಮ ರಾತ್ರೋರಾತ್ರಿ ಕರಗುತ್ತದೆ, ಆದ್ದರಿಂದ ಅದನ್ನು ಮೊದಲೇ ಪರೀಕ್ಷಿಸಿ ಗುಣಪಡಿಸಬೇಕು. ಬರಿಯ ಎಲುಬಿನ ಮೇಲೆ, ಹೊದಿಕೆ ಕಳೆದುಕೊಂಡ ಸ್ನಾಯುರಜ್ಜುವಿನ ಮೇಲೆ ಚರ್ಮ ಹತ್ತುವುದೇ ಇಲ್ಲ. ಹೀರಲು ಅಲ್ಲಿ ಏನೂ ಇಲ್ಲ. ಆಗಲೇ ತೊಟ್ಟಿನ ಚರ್ಮ ಬೇಕಾಗುವುದು.

ಗಿಡ ಕಟ್ಟುವವರೆಲ್ಲ ತಿಳಿದಿರುವ, ಸುದ್ದಿ ಬರೆಯುವವರು ಮಾತ್ರ ಮರೆಯುವ ಒಂದು ಸಂಗತಿ ಇಲ್ಲಿದೆ. ಕಸಿ ಕಡ್ಡಿ ಹತ್ತನೆಯ ದಿನ ಚಿಗುರಿದರೆ ಕೂಡಿತು ಎಂದು ಹೇಳಲಾಗದು. ಕಡ್ಡಿಯೊಳಗೆ ಕೂಡಿಟ್ಟ ಸತ್ವದಿಂದಲೇ ಮೊಗ್ಗು ಒಡೆಯಬಲ್ಲದು. ಸೇತುವೆ ಕಟ್ಟದಿದ್ದರೆ ಆ ಚಿಗುರು ಮೂರನೆಯ ವಾರಕ್ಕೆ ಬಾಡುತ್ತದೆ. ಮೊದಲ ಚಿಗುರಿನ ಎಲೆ ಬಲಿತು, ಎರಡನೆಯ ಚಿಗುರು ಬಂದ ಮೇಲೆಯೇ ನಾವು ಲೆಕ್ಕಕ್ಕೆ ಹಿಡಿಯುವುದು. ಅಂಗಾಂಗ ಕಸಿಯ ಮರುದಿನವೇ ‘ಯಶಸ್ವಿ’ ಎಂದು ಶೀರ್ಷಿಕೆ ಹಾಕುವಾಗ ದಯವಿಟ್ಟು ಇದನ್ನು ನೆನಪಿಡಿ. ಅಂದಿಗೆ ಯಶಸ್ವಿಯಾಗಿರುವುದು ಶಸ್ತ್ರಕ್ರಿಯೆ. ಕಸಿ ಉಳಿಯಿತೋ ಇಲ್ಲವೋ ಎಂಬುದು ತಿಂಗಳು, ವರ್ಷಗಳ ಮಾತು.

ಇನ್ನು ಗಿಡಕ್ಕೂ ದೇಹಕ್ಕೂ ಹೋಲಿಕೆ ಮುರಿದುಬೀಳುವ ಜಾಗ. ಆಪೂಸಿನ ಕಡ್ಡಿಯನ್ನು ಕಾಡುಮಾವಿನ ಸಸಿಗೆ ಕಟ್ಟಿದರೆ ಎರಡೂ ಬೇರೆ ಬೇರೆ ಜೀವವಾಗಿಯೇ ನೂರು ವರ್ಷ ಒಟ್ಟಿಗೆ ಬದುಕಬಲ್ಲವು. ಗಂಟಿನ ಮೇಲೆ ಆಪೂಸು, ಕೆಳಗೆ ಕಾಡುಮಾವು. ಬೇರು ಗಿಡದ ಎತ್ತರ, ಬರ ತಡೆಯುವ ಶಕ್ತಿ ಮೊದಲಾದವನ್ನು ಬದಲಿಸೀತು, ಹಣ್ಣಿನ ಜಾತಿಯನ್ನಲ್ಲ. ಶರಾವತಿ, ಅಘನಾಶಿನಿ ದಂಡೆಯ ಒಂದೊಂದು ಅಪ್ಪೆಮಿಡಿ ಮರದ ಸೊನೆಗೂ ಒಂದೊಂದು ಪರಿಮಳ. ಗೊರಟು ಹಾಕಿದರೆ ಅದು ಹಾಗೇ ಬರುವ ಭರವಸೆ ಇಲ್ಲ. ಆ ಮರ ಬಿದ್ದುಹೋಗುವ ಮೊದಲು ಕಡ್ಡಿ ತಂದು ಕಟ್ಟಿದವರಿಂದಲೇ ಅವು ಉಳಿದಿರುವುದು. ಗಿಡ ‘ಇದು ನನ್ನದಲ್ಲ’ ಎಂದು ಹುಡುಕಿ ಕೊಲ್ಲುವುದಿಲ್ಲ, ಜಾತಿ ಹತ್ತಿರವಿದ್ದರೆ ಸಾಕು. ಬದನೆ, ಟೊಮೆಟೊಗಳನ್ನು ಸುಂಡೆಗಿಡಕ್ಕೆ ಕಟ್ಟಿ ಮಣ್ಣಿನಿಂದ ಬರುವ ಸೊರಗು ರೋಗದಿಂದ ಪಾರಾಗುವುದು ಸಾಧ್ಯವಾಗಿರುವುದು ಎಲ್ಲವೂ ಒಂದೇ ಕುಟುಂಬದವಾದ್ದರಿಂದ. ಒಂದೇ ಕುಟುಂಬವಾದ ಮಾತ್ರಕ್ಕೂ ಆಗಬೇಕೆಂದಿಲ್ಲ. ಮಾವು, ಗೇರು ಒಂದೇ ಕುಟುಂಬ, ಆದರೆ ಒಂದಕ್ಕೊಂದು ಕೂಡವು. ಕೆಲವು ಜೋಡಿ ತಡವಾಗಿ ಮುನಿಯುತ್ತವೆ. ಕಾಳುಮೆಣಸನ್ನು ಬ್ರೆಜಿಲ್ ಮೂಲದ ಹಿಪ್ಪಲಿಗೆ ಕಟ್ಟಿದರೆ ಬುಡಕೊಳೆ ರೋಗ ಬೇರಿಗೆ ತಾಗದು. ಆದರೆ ಕೆಲವು ವರ್ಷದ ಮೇಲೆ ಗಂಟು ಬಲಹೀನವಾಗಿ ಬಳ್ಳಿ ಸಾಯುವುದುಂಟು. ಹಿಪ್ಪಲಿಗೆ ಬೇಸಿಗೆಯಲ್ಲೂ ತೇವ ಬೇಕು. ಮೆಣಸಿನ ಹಬ್ಬು ಬಳ್ಳಿ ನೆಲಕ್ಕೆ ತಾಗಿ ಸ್ವಂತ ಬೇರು ಬಿಟ್ಟರೆ ರೋಗ ಆ ದಾರಿಯಲ್ಲಿ ಬಂದೇ ಬರುತ್ತದೆ. ‘ರೋಗವಿಲ್ಲದ ಕಸಿ ಮೆಣಸು’ ಎಂದು ಬರೆಯುವ ಲೇಖನದಲ್ಲಿ ಈ ಮೂರು ವಾಕ್ಯ ಇರಲೇಬೇಕು.

ಮನುಷ್ಯನ ದೇಹ ಹಾಗಲ್ಲ. ಅದು ಪರರ ಜೀವಕೋಶವನ್ನು ಗುರುತಿಸುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಟ್ಟುಕೊಂಡವರಿಗೆ ಬೇರೆಯವರ ಚರ್ಮ ಹಾಕಿ ನೋಡಿದ ಜೀವವಿಜ್ಞಾನಿ ಪೀಟರ್ ಮೆಡಾವರ್ ಮತ್ತು ಶಸ್ತ್ರವೈದ್ಯ ಥಾಮಸ್ ಗಿಬ್ಸನ್, ಅದು ಮೊದಲು ಹತ್ತಿದಂತೆ ಕಂಡು ಆಮೇಲೆ ಉದುರುವುದನ್ನೂ, ಅದೇ ದಾನಿಯ ಚರ್ಮವನ್ನು ಎರಡನೆಯ ಸಲ ಹಾಕಿದರೆ ಇನ್ನೂ ಬೇಗ ಉದುರುವುದನ್ನೂ 1943ರಲ್ಲಿ ಪ್ರಕಟಿಸಿದರು. ದೇಹ ಒಮ್ಮೆ ಕಂಡದ್ದನ್ನು ನೆನಪಿಟ್ಟುಕೊಂಡಿತ್ತು. ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್‍ರೆ ತಂಡ ಮಾಡಿದ ಮೂತ್ರಪಿಂಡ ಕಸಿ ಉಳಿದದ್ದು ಕೊಟ್ಟವರೂ ಪಡೆದವರೂ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಾಗಿದ್ದರಿಂದ. ಶಸ್ತ್ರಕ್ರಿಯೆಗೂ ಮೊದಲು ಒಬ್ಬರ ಚರ್ಮದ ಚೂರನ್ನು ಇನ್ನೊಬ್ಬರಿಗೆ ಹಾಕಿ, ಅದು ಉಳಿಯುತ್ತದೆ ಎಂದು ನೋಡಿಕೊಂಡೇ ಮುಂದುವರಿದಿದ್ದರು.

ಆದ್ದರಿಂದ ತಾಯಿಯ ಚರ್ಮ ಮಗಳ ಮೈಮೇಲೆ ಶಾಶ್ವತವಾಗಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಉದುರುತ್ತದೆ. ಹಾಗಾದರೆ ಚರ್ಮದಾನ ಯಾಕೆ ಎಂಬ ಪ್ರಶ್ನೆಗೆ ಉತ್ತರವನ್ನು ಪತ್ರಿಕೆ ವಿವರವಾಗಿ ಕೊಡಬೇಕು. ರೋಗಿಯ ಅಂಗೈ, ಬೆರಳು ಸೇರಿ, ಅವರ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಅಂಥ ಐವತ್ತು ಅಂಗೈಯಷ್ಟು ಆಳಕ್ಕೆ ಸುಟ್ಟವರಲ್ಲಿ ಸುಲಿಯಲು ಸ್ವಂತ ಚರ್ಮ ಉಳಿದಿರುವುದೇ ಸ್ವಲ್ಪ. ಸುಟ್ಟ ಚರ್ಮ ತೆಗೆದ ಮೈ ತೆರೆದೇ ಇದ್ದರೆ ನೀರು, ಪ್ರೋಟೀನು, ಶಾಖ ಸೋರಿಹೋಗುತ್ತವೆ, ಸೋಂಕು ಒಳಗಿಳಿಯುತ್ತದೆ. ದಾನದ ಚರ್ಮ ಆ ಎರಡು ಮೂರು ವಾರ ಮುಚ್ಚಿಗೆಯಾಗಿ ನಿಂತು, ನೋವು ಇಳಿಸಿ, ಜೀವ ಹಿಡಿದುಕೊಡುತ್ತದೆ. ಅಷ್ಟರಲ್ಲಿ ತೊಡೆಯ ಗಾಯ ಮಾಗಿ, ಅದೇ ಜಾಗದಿಂದ ಮತ್ತೆ ಸ್ವಂತ ಚರ್ಮ ತೆಗೆಯಬಹುದು. ಉದುರುವುದು ಇಲ್ಲಿ ಸೋಲಲ್ಲ, ಅದರ ಕೆಲಸ ಮುಗಿದ ಲಕ್ಷಣ. ತಾತ್ಕಾಲಿಕವಾದ್ದರಿಂದಲೇ ರಕ್ತದ ಗುಂಪು ಹೊಂದಬೇಕಿಲ್ಲ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸಾವಿನ ನಂತರ ಆರು ಗಂಟೆಯೊಳಗೆ ಚರ್ಮ ತೆಗೆಯಬೇಕಾದ್ದರಿಂದ ಬೇಗ ತಿಳಿಸಬೇಕು. 18 ವರ್ಷ ದಾಟಿದವರ ತೊಡೆ, ಕಾಲು, ಬೆನ್ನಿನಿಂದ ಮೇಲೆ ಹೇಳಿದಂತೆ ತೆಳು ಪದರ ಮಾತ್ರ ತೆಗೆಯುತ್ತಾರೆ. ಸುಮಾರು ಮುಕ್ಕಾಲು ಗಂಟೆಯ ಕೆಲಸ. ರಕ್ತ ಹರಿಯುವುದಿಲ್ಲ, ಮುಖ ಮುಟ್ಟುವುದಿಲ್ಲ, ಕಟ್ಟು ಸುತ್ತಿ ದೇಹ ಒಪ್ಪಿಸುತ್ತಾರೆ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ ವೈರಸ್, ಚರ್ಮದ ಕ್ಯಾನ್ಸರ್, ಚರ್ಮದ ಸೋಂಕು ಇದ್ದವರದ್ದನ್ನು ತೆಗೆದುಕೊಳ್ಳುವುದಿಲ್ಲ. ಶೇ 85ರ ಗ್ಲಿಸರಾಲ್‌ನಲ್ಲಿ 4ರಿಂದ 8 ಡಿಗ್ರಿ ತಂಪಿನಲ್ಲಿ ಇಟ್ಟರೆ ಹಲವು ವರ್ಷ ಕೆಡುವುದಿಲ್ಲ. ‘ಚರ್ಮ ಕಿತ್ತುಬಿಡುತ್ತಾರೆ’ ಎಂಬ ಭಯಕ್ಕೆ ನಮ್ಮ ಪದದ್ದೂ ಸ್ವಲ್ಪ ಪಾಲಿದೆ. ಕಸಿದುಕೊಳ್ಳುವುದು ಎಂಬ ಇನ್ನೊಂದು ಅರ್ಥ ಅದರ ಬೆನ್ನಿಗೇ ಇದೆಯಲ್ಲ.

ಬೇರೆಯವರ ಅಂಗ ಉಳಿಯಬೇಕಾದರೆ ಪರರ ಜೀವಕೋಶವನ್ನು ಗುರುತಿಸುವ ದೇಹದ ಆ ಕಾವಲನ್ನು ಮಾತ್ರೆಯಿಂದ ತಗ್ಗಿಸಬೇಕು. ಮೂತ್ರಪಿಂಡ ಕಸಿಗೆ ಮೊದಲು ರಕ್ತದ ಗುಂಪು ನೋಡುತ್ತಾರೆ, ಪಡೆಯುವವರ ರಕ್ತದ ದ್ರವವನ್ನು ಕೊಡುವವರ ಬಿಳಿ ರಕ್ತಕಣಗಳ ಜೊತೆ ಬೆರೆಸಿ ಕೊಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಹಳೆಯ ಮೂತ್ರಪಿಂಡಗಳನ್ನು ಹೆಚ್ಚಿನವರಲ್ಲಿ ತೆಗೆಯುವುದಿಲ್ಲ. ಹೊಸದನ್ನು ಹೊಟ್ಟೆಯ ಕೆಳಭಾಗದಲ್ಲಿ, ಸೊಂಟದ ಎಲುಬಿನ ಒಳಬದಿಗೆ ಇಟ್ಟು ರಕ್ತನಾಳ, ಮೂತ್ರನಾಳ ಜೋಡಿಸುತ್ತಾರೆ. ‘ಕಿಡ್ನಿ ಬದಲಾವಣೆ’ ಎಂದು ಬರೆಯುವುದು ಹಾಗಾಗಿ ತಪ್ಪು. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ಟಿರಾಯ್ಡ್ ಮಾತ್ರೆಗಳನ್ನು ಕಸಿ ಕೆಲಸ ಮಾಡುವಷ್ಟು ಕಾಲವೂ ಗಡಿಯಾರ ನೋಡಿ ನುಂಗಬೇಕು. ಐದು ವರ್ಷ ಚೆನ್ನಾಗಿದ್ದು, ‘ಕಸಿ ಯಶಸ್ವಿಯಾಗಿದೆ, ಇನ್ನು ಮಾತ್ರೆ ಯಾಕೆ’ ಎಂದು ಬಿಟ್ಟವರ ಅಂಗವನ್ನು ದೇಹ ತಿರಸ್ಕರಿಸುತ್ತದೆ. ಗಿಡದ ಗಂಟು ಒಮ್ಮೆ ಬೆಸೆದರೆ ಬೆಸೆಯಿತು, ಅಂಗದ ಕಸಿ ಹಾಗೆ ಎಂದೂ ‘ಮುಗಿಯುವುದಿಲ್ಲ’. ಇಂಥವರು ಚಕ್ಕೋತ ತಿನ್ನಬಾರದು ಎಂಬುದನ್ನೂ ಬರೆಯಿರಿ. ಅದರಲ್ಲಿರುವ ವಸ್ತು ಟ್ಯಾಕ್ರೊಲಿಮಸ್ ದೇಹದಲ್ಲಿ ಒಡೆದುಹೋಗುವುದನ್ನು ತಡೆದು ರಕ್ತದಲ್ಲಿ ಅದರ ಮಟ್ಟ ಏರಿಸುತ್ತದೆ. ದೇವನಹಳ್ಳಿಯ ಚಕ್ಕೋತ ಬೆಳೆಯುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಅಸ್ಥಿಮಜ್ಜೆ ಕಸಿ ಎಂದರೆ ಎಲುಬು ಸೀಳುವ ಶಸ್ತ್ರಕ್ರಿಯೆ ಎಂದು ಬಹಳ ಜನ ತಿಳಿದಿದ್ದಾರೆ. ಪಡೆಯುವವರಿಗೆ ಅದು ರಕ್ತ ಕೊಟ್ಟಂತೆಯೇ, ಚೀಲದಿಂದ ನಾಳಕ್ಕೆ ಇಳಿಯುತ್ತದೆ. ಜೀವಕೋಶಗಳು ತಾವಾಗಿ ಮಜ್ಜೆಯ ದಾರಿ ಹಿಡಿಯುತ್ತವೆ. ಇಲ್ಲಿ ತಿರಸ್ಕಾರ ತಿರುಗುಮುರುಗಾಗಿಯೂ ಬರಬಹುದು, ಬಂದ ಕಸಿಯೇ ಇರುವ ದೇಹವನ್ನು ಪರಕೀಯವೆಂದು ಚರ್ಮ, ಕರುಳು, ಯಕೃತ್ತಿನ ಮೇಲೆ ಏರಿಹೋಗುತ್ತದೆ. ಬೈಪಾಸ್‌ನಲ್ಲಿ ಹೃದಯಕ್ಕೆ ಹಾಕುವ ಕಾಲಿನ ರಕ್ತನಾಳ ಸ್ವಂತದ್ದೇ, ಅದಕ್ಕೆ ತಿರಸ್ಕಾರದ ಭಯವಿಲ್ಲ. ಕೂದಲು ಕಸಿಯನ್ನು ನಾಟಿ ಎಂದರೆ ಹೆಚ್ಚು ಸರಿ. ಹಿಂದಲೆಯ ಕೂದಲನ್ನು ಬೇರು ಸಮೇತ ಒಂದೊಂದಾಗಿ ಕಿತ್ತು ಮುಂದಲೆಯಲ್ಲಿ ನೆಡುವುದು ಅದು.

ಕೊನೆಗೆ ತೆಂಗು, ಅಡಿಕೆ, ಬಾಳೆ. ಇವುಗಳ ಕಾಂಡದಲ್ಲಿ ಕ್ಯಾಂಬಿಯಂ ಇಲ್ಲ, ನಾಳಗಳು ಚದುರಿ ಹೋಗಿವೆ, ಆದ್ದರಿಂದ ಕಸಿ ಕಟ್ಟಿ ಕೂಡಿಸಲು ಬರುವುದಿಲ್ಲ. ಮೊಳಕೆಯ ಭ್ರೂಣದ ಹಂತದಲ್ಲಿ ಇಂಥ ಸಸ್ಯಗಳನ್ನೂ ಕೂಡಿಸಬಹುದೆಂದು ಕೇಂಬ್ರಿಜ್‌ನ ವಿಜ್ಞಾನಿಗಳು ತೋರಿಸಿದ್ದಾರೆ, ಆದರೆ ಅದು ಪ್ರಯೋಗಾಲಯದ ಕೆಲಸ. ಪೇಟೆಯಲ್ಲಿ ‘ಕಸಿ ತೆಂಗು’ ಎಂದು ಮಾರುವುದು ಎರಡು ತಳಿಯ ಹೂವಿನ ಪರಾಗ ಬೆರೆಸಿ ಪಡೆದ ಸಂಕರ ತಳಿ, ಕೆಲವೊಮ್ಮೆ ಅದೂ ಅಲ್ಲ. ಸಂಕರದಲ್ಲಿ ಎರಡು ಜೀವ ಬೆರೆತು ಮೂರನೆಯದು ಹುಟ್ಟುತ್ತದೆ. ಕಸಿಯಲ್ಲಿ ಎರಡೂ ಬೆರೆಯದೆ ಜೊತೆಗಿರುತ್ತವೆ. ‘ಕಸಿ ತಳಿ’ ಎಂಬ ಮಾತನ್ನು ಪತ್ರಿಕೆ ಕೈಬಿಟ್ಟರೆ ಮೋಸಗಾರರಿಗೆ ಒಂದು ಆಸರೆ ತಪ್ಪುತ್ತದೆ. ಜಾಲತಾಣದ ವಿಡಿಯೊ ನೋಡಿ ಲೋಳೆಸರದಲ್ಲಿ ಚುಚ್ಚಿದ ಗುಲಾಬಿ, ಬಾಳೆಹಣ್ಣಿನಲ್ಲಿ ನೆಟ್ಟ ಮಾವು ಎಂದು ‘ಹೊಸ ಕಸಿ ವಿಧಾನ’ ಪ್ರಕಟಿಸುವುದನ್ನೂ ನಿಲ್ಲಿಸಬೇಕೆಂದು ಕೇಳಿಕೊಳ್ಳುತ್ತೇವೆ. ಅವು ಹೆಚ್ಚೆಂದರೆ ಕಡ್ಡಿಗೆ ಕೆಲವು ದಿನ ತೇವ ಕೊಡಬಲ್ಲವು.

ಮಳೆಗಾಲದ ಮೊದಲ ವಾರ ನರ್ಸರಿಗಳಲ್ಲಿ ಜನ ಸೇರುತ್ತಾರೆ, ಆಗ ಅಚ್ಚು ಹಾಕಲು ಇಷ್ಟು ವಿವರ ಸಾಕಾದೀತು. ಗಿಡ ಕೊಳ್ಳುವಾಗ ಗಂಟನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿ ನೋಡಿ, ಬಿರುಕು ಬಿಟ್ಟರೆ ಬೇಡ. ಗಂಟಿನ ಮೇಲೆ ಎರಡು ಸುತ್ತು ಚಿಗುರು ಬಲಿತಿರಬೇಕು. ಎಲೆಗಳು ಗಂಟಿನ ಕೆಳಗಿನಿಂದ ಬಂದಿದ್ದರೆ ನೀವು ಕೊಳ್ಳುತ್ತಿರುವುದು ಬೇರುಸಸಿಯನ್ನೇ. ಪ್ಲಾಸ್ಟಿಕ್ ಪಟ್ಟಿ ಹಾಗೇ ಇದ್ದರೆ ನೆಡುವ ಮೊದಲು ಬ್ಲೇಡಿನಿಂದ ಸೀಳಿ ತೆಗೆಯಿರಿ. ಬಿಟ್ಟರೆ ಕಾಂಡ ದಪ್ಪವಾದಂತೆ ಅದೇ ಕುಣಿಕೆಯಾಗಿ ಗಾಳಿಗೆ ಅಲ್ಲೇ ಮುರಿಯುತ್ತದೆ. ಗಂಟು ಮಣ್ಣಿನಿಂದ ಮೇಲೆ ಇರಲಿ, ಕೋಲು ಊರಿ ಕಟ್ಟಿ, ಕೆಳಗಿನ ಚಿಗುರನ್ನು ಕಂಡಾಗಲೆಲ್ಲ ಚಿವುಟಿ. ಚರ್ಮ ಕಸಿ ಆದವರ ಮನೆಯವರಿಗೂ ಹೀಗೆಯೇ ಒಂದು ಚೌಕ ಬರಲಿ. ಹೊಸ ಚರ್ಮದಲ್ಲಿ ಬೆವರು, ಎಣ್ಣೆ ಗ್ರಂಥಿ ಕೆಲಸ ಮಾಡದು, ದಿನಕ್ಕೆ ಮೂರು ನಾಲ್ಕು ಬಾರಿ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಮೃದುವಾಗಿ ತಿಕ್ಕಬೇಕು. ವರ್ಷಕಾಲ ಬಿಸಿಲು ತಾಗದಂತೆ ಮುಚ್ಚಬೇಕು. ತೆಳು ಕಸಿ ಕುಗ್ಗಿ ಕೀಲು ಮಡಚಿಕೊಳ್ಳುವುದರಿಂದ ಮೊಣಕೈ, ಕುತ್ತಿಗೆಯನ್ನು ನೆಟ್ಟಗಿಡುವ ಪಟ್ಟಿಯನ್ನು (ಸ್ಪ್ಲಿಂಟ್) ರಾತ್ರಿ ಕಟ್ಟಿಕೊಂಡೇ ಮಲಗಬೇಕು, ಬಿಗಿ ಉಡುಪನ್ನು ವೈದ್ಯರು ಹೇಳಿದಷ್ಟು ತಿಂಗಳು ತೊಡಬೇಕು. ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸುವವರಿಗೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆ ಇದೆ. ಹೆಸರು ಬರೆಸಿದ್ದನ್ನು ಮನೆಯವರಿಗೆ ಹೇಳಿರಬೇಕು, ಏಕೆಂದರೆ ಆ ಹೊತ್ತಿಗೆ ಸಹಿ ಹಾಕಬೇಕಾದವರು ಅವರೇ.

ಇಂತಿ,
ಒಬ್ಬ ಚರ್ಮ ಕಸಿ ಶಸ್ತ್ರವೈದ್ಯ ಮತ್ತು ಒಬ್ಬ ಕಸಿ ಕಟ್ಟುವ ತೋಟಗಾರ